ಪದಚರ್ಚೆ: 'ಗ್ರಾಫಿಕ್ಸ್ ಕಳಪೆ' ಎಂದಾಗ ಕೆಟ್ಟಿರುವುದು ಯಾವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಜಾನ್ ಕಾರ್ಪೆಂಟರ್ ನಿರ್ದೇಶನದ 'ಎಸ್ಕೇಪ್ ಫ್ರಮ್ ಎಲ್.ಎ.' (1996) ಚಿತ್ರದ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುವಾಗ ಎದ್ದ ಸಂದೇಹವಿದು. ಸ್ಪೆಷಲ್ ಎಫೆಕ್ಟ್ಸ್‌ಗೆ 'ವಿಶೇಷ ಪರಿಣಾಮ' ಎಂದು ಬರೆದರೆ ಓದು ಮುಗ್ಗರಿಸುತ್ತದೆ. 'ಗ್ರಾಫಿಕ್ಸ್' ಎಂದರೆ ಸಾಕೇ? ಅದರ ಒಂದೊಂದು ದೋಷವನ್ನೂ ಬೇರೆಬೇರೆಯಾಗಿ ಹೇಳಲು ಯಾವ ಮಾತು ಬಳಸಬಹುದು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:
ನಮಸ್ಕಾರ. 'ವಿಶೇಷ ಪರಿಣಾಮ' ಬೇಡವೆಂಬ ನಿಮ್ಮ ಅನಿಸಿಕೆ ಸರಿ. ಕನ್ನಡದಲ್ಲಿ ಪರಿಣಾಮವೆಂದರೆ ಒಂದರಿಂದ ಇನ್ನೊಂದು ಆಗುವುದು: ಅಡ್ಡಪರಿಣಾಮ, ದುಷ್ಪರಿಣಾಮ. ಪರದೆಯ ಮೇಲೆ ಇಲ್ಲದ್ದನ್ನು ಇದೆ ಎನಿಸುವುದಕ್ಕೆ ನಮ್ಮಲ್ಲಿ 'ಕಣ್ಕಟ್ಟು' ಇದೆ, 'ಕ್ಯಾಮೆರಾ ಟ್ರಿಕ್' ಎಂಬ ಹಳೆಯ ರೂಢಿಯೂ ಇದೆ. ಕೆಲಸದ ಹೆಸರಾಗಿ ಸ್ಪೆಷಲ್ ಎಫೆಕ್ಟ್ಸ್ ಎಂದೇ ಇಟ್ಟುಕೊಂಡು, ಅನುಭವವನ್ನು ಹೇಳುವಾಗ ಕಣ್ಕಟ್ಟು ಎನ್ನಿ.

'ಗ್ರಾಫಿಕ್ಸ್' ಮಾತ್ರ ಇಲ್ಲಿ ಸಾಲದು. ಸೆಟ್ಟಿನಲ್ಲೇ ಮಾಡುವ ಮಳೆ, ಹೊಗೆ, ಸ್ಫೋಟ ಸ್ಪೆಷಲ್ ಎಫೆಕ್ಟ್ಸ್. ಚಿತ್ರೀಕರಣದ ನಂತರ ಬಿಂಬಗಳನ್ನು ಸೇರಿಸುವುದು, ಕಂಪ್ಯೂಟರಿನಲ್ಲಿ ಹುಟ್ಟಿಸುವುದು ವಿಎಫ್ಎಕ್ಸ್ (ವಿಷುವಲ್ ಎಫೆಕ್ಟ್ಸ್). ಎರಡನ್ನೂ ಗ್ರಾಫಿಕ್ಸ್ ಎಂದರೆ ಇದೇ ಸರಣಿಯ ಮೊದಲ ಚಿತ್ರಕ್ಕೆ ಅನ್ಯಾಯವಾಗುತ್ತದೆ. 1981ರ 'ಎಸ್ಕೇಪ್ ಫ್ರಮ್ ನ್ಯೂಯಾರ್ಕ್'ನಲ್ಲಿ ನಾಯಕನ ಗ್ಲೈಡರಿನೊಳಗಿನ ತೆರೆಯ ಮೇಲೆ ಮ್ಯಾನ್‌ಹಟನ್ನಿನ ಕಟ್ಟಡಗಳು ಬರೀ ಗೆರೆಗಳಾಗಿ ಮೂಡುತ್ತವೆ. ನೋಡಿದವರು ಕಂಪ್ಯೂಟರ್ ಚಿತ್ರವೆಂದೇ ತಿಳಿಯುತ್ತಾರೆ. ಆಗ ಆ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿಸುವುದು ತೀರ ದುಬಾರಿ. ಹಾಗಾಗಿ ಊರಿನ ಪುಟ್ಟ ಮಾದರಿಗೆ ಕಪ್ಪು ಬಳಿದು, ಕಟ್ಟಡಗಳಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಿ, ನಡುವೆ ಕ್ಯಾಮೆರಾ ಸಾಗಿಸಿದರು. ಸುಮಾರು 60 ಲಕ್ಷ ಡಾಲರಿನ ಚಿತ್ರದ ಈ ಕಣ್ಕಟ್ಟು ಇಂದಿಗೂ ನಂಬಿಸುತ್ತದೆ. ಸುಮಾರು 5 ಕೋಟಿ ಡಾಲರಿನ ಎರಡನೆಯ ಚಿತ್ರದಲ್ಲಿ, ಮುಳುಗಿದ ಊರಿನ ನಡುವೆ ಸಾಗುವ ಪುಟ್ಟ ಸಬ್‌ಮೆರೀನು ನಂಬಿಸುವುದಿಲ್ಲ.

ಏಕೆ ಎಂದು ಹೇಳಲು 'ತೂಕವಿಲ್ಲ' ಎಂಬ ಮಾತು ಸಾಕು. ನೀರಿನೊಳಗೆ ದೂರ ಹೋದಷ್ಟೂ ಕೆಂಪು ಮೊದಲು ಮಾಯವಾಗಿ ಎಲ್ಲವೂ ನೀಲಿ-ಹಸಿರಿಗೆ ತಿರುಗಬೇಕು, ಸಣ್ಣ ಕಸ ತೇಲಬೇಕು, ತಿರುಗುವಾಗ ನೌಕೆಯನ್ನು ನೀರು ತಡೆಯಬೇಕು. ಇವು ಕಡಿಮೆಯಾದಾಗ ವಸ್ತು ಗಾಳಿಯಲ್ಲಿ ಜಾರಿದಂತೆ ಕಾಣುತ್ತದೆ.

ಅದೇ ಚಿತ್ರದಲ್ಲಿ ಸುನಾಮಿಯ ಅಲೆಯ ಮೇಲೆ ನಾಯಕನಟ ಕರ್ಟ್ ರಸೆಲ್ ಸರ್ಫಿಂಗ್ ಮಾಡುತ್ತಾ ಬಂದು ಕಾರಿನ ಮೇಲೆ ಹಾರುವ ದೃಶ್ಯದ ದೋಷ ಬೇರೆ. ಅದಕ್ಕೆ ನಾನು ಸೂಚಿಸುವ ಮಾತು 'ಬೆಸುಗೆ ಬಿಟ್ಟಿದೆ'. ನಟ ಒಂದು ಕಡೆ, ಅಲೆ ಇನ್ನೊಂದು ಕಡೆ. ಎರಡನ್ನೂ ಕೂಡಿಸುವ ಕಾಂಪೊಸಿಟಿಂಗ್ ಬೆಸುಗೆಯ ಕೆಲಸವೇ. ಅದು ಬಿಡುವುದು ಹೆಚ್ಚಾಗಿ ಬೆಳಕಿನಲ್ಲಿ. ಹಿನ್ನೆಲೆಯ ಬಿಸಿಲು ಎಡದಿಂದ ಬೀಳುತ್ತಿದ್ದು ನಟನ ಮೂಗಿನ ನೆರಳೂ ಎಡಕ್ಕೇ ಇದ್ದರೆ, ಕಾರಣ ಗೊತ್ತಿಲ್ಲದವರಿಗೂ ಏನೋ ಸರಿಯಿಲ್ಲ ಅನಿಸುತ್ತದೆ. ಮುಂದಿನದು ಕಪ್ಪು: ದೂರದ ಕಪ್ಪು ಮಂಜಿನಿಂದ ಬೂದಾಗಿದ್ದು, ಅಷ್ಟೇ ದೂರದಲ್ಲಿ ಕೂರಿಸಿದ ನಟನ ಅಂಗಿ ಕಾಡಿಗೆಯಂತಿದ್ದರೆ ಕತ್ತರಿಸಿ ಅಂಟಿಸಿದ್ದು ಬಯಲಾಗುತ್ತದೆ. ಫಿಲ್ಮಿನಲ್ಲಿ ತೆಗೆದದ್ದಕ್ಕೆ ಕಾಳು (ಗ್ರೇನ್, ಅಂದರೆ ನುಣ್ಣನೆಯ ಚುಕ್ಕೆಗಳು) ಇರುತ್ತದೆ, ಕಂಪ್ಯೂಟರ್ ಅಲೆ ನುಣುಪಾಗಿರುತ್ತದೆ. ಕಾಳು ಬೆರೆಸದಿದ್ದರೂ ಹೀಗೆಯೇ. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಒಂದೊಂದು ಫ್ರೇಮಿಗೂ ಕ್ಯಾಮೆರಾದ ಕಣ್ಣು ಸಾಮಾನ್ಯವಾಗಿ 1/48 ಸೆಕೆಂಡು ತೆರೆದಿರುವುದರಿಂದ ಚಲಿಸುವುದೆಲ್ಲ ಸ್ವಲ್ಪ ಕದಡಿರುತ್ತದೆ. ಆ ಕದಡು ಇಲ್ಲದ ಕಂಪ್ಯೂಟರ್ ವಸ್ತು ಕುಪ್ಪಳಿಸಿದಂತೆ ಕಾಣುತ್ತದೆ.

ನಟನ ಸುತ್ತ ಉಳಿಯುವ ತೆಳು ಗೆರೆಗೆ 'ಅಂಚುಗೆರೆ' ಎನ್ನಬಹುದು. ಬೇರೆ ಹಿನ್ನೆಲೆ ಕೂರಿಸಲೆಂದು ನಟನ ಹಿಂದೆ ಕಟ್ಟುವ ಹಸಿರು ಪರದೆಯ ಬಣ್ಣ ಕೂದಲು, ಹೆಗಲಿನ ಮೇಲೆ ಬೀಳುವುದಕ್ಕೆ 'ಸೋರಿಕೆ' ಎಂದು ಕೆಲವರು ಬರೆಯುತ್ತಾರೆ. ನನಗೆ 'ಹಸಿರು ಹತ್ತಿದೆ' ಹಿಡಿಸುತ್ತದೆ: ಹೊಸ ಸೀರೆಯ ಜೊತೆ ನೆನೆಸಿದ ಬಿಳಿ ಪಂಚೆಗೆ ಬಣ್ಣ ಹತ್ತುತ್ತದಲ್ಲ, ಹಾಗೆ. ನಟನನ್ನು ಪರದೆಯಿಂದ ಹತ್ತು ಹನ್ನೆರಡು ಅಡಿ ಮುಂದೆ ನಿಲ್ಲಿಸಿ, ಪರದೆಗೂ ನಟನಿಗೂ ಬೇರೆಬೇರೆ ದೀಪ ಕೊಟ್ಟರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಒಂದು ಎಚ್ಚರಿಕೆ. ಪಾತ್ರದ ಕಾಲಡಿ ನೆರಳಿಲ್ಲದೆ ತೇಲಿದಂತಿದ್ದರೆ 'ನೆಲ ಕಚ್ಚಿಲ್ಲ' ಎಂದು ಬರೆಯಬೇಡಿ. ಸಿನಿಮಾ ನೆಲಕಚ್ಚುವುದೆಂದರೆ ಸೋಲುವುದು, ಅರ್ಥ ತಿರುವುಮುರುವಾಗುತ್ತದೆ. 'ಕಾಲು ನೆಲಕ್ಕೆ ತಾಗಿಲ್ಲ' ಎಂದರೆ ಗೊಂದಲವಿಲ್ಲ.

ಅಲೆಯನ್ನು ಪುಟ್ಟ ಮಾದರಿಯಲ್ಲೇ ಮಾಡಬಹುದಿತ್ತಲ್ಲ ಎಂದು ನಿಮ್ಮ ಓದುಗರು ಕೇಳಬಹುದು. ಅಲ್ಲೂ ತೊಡಕಿದೆ. ಮಾದರಿ ಎಷ್ಟು ಪಟ್ಟು ಚಿಕ್ಕದೋ ಅದರ ವರ್ಗಮೂಲದಷ್ಟು ಪಟ್ಟು ವೇಗದಲ್ಲಿ ಫ್ರೇಮುಗಳನ್ನು ತೆಗೆದು, ಮಾಮೂಲಿ 24ರ ವೇಗದಲ್ಲಿ ತೋರಿಸಬೇಕು: ನಾಲ್ಕನೇ ಒಂದರ ಮಾದರಿಗೆ ಸೆಕೆಂಡಿಗೆ 48 ಫ್ರೇಮು, ಹದಿನಾರನೇ ಒಂದರದಕ್ಕೆ 96. ಬೀಳುವ ವೇಗ ಇದರಿಂದ ಸರಿಹೋಗುತ್ತದೆ, ಹನಿಯ ಗಾತ್ರ ಮಾತ್ರ ಕುಗ್ಗುವುದಿಲ್ಲ. ಮಾದರಿ ಬಹಳ ಚಿಕ್ಕದಾದರೆ ಅಲೆಯ ನೊರೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಹನಿಗಳು ಕಾಣುತ್ತವೆ. ಇದಕ್ಕೆ 'ಅಳತೆ ಬಯಲಾಗಿದೆ' ಎನ್ನಿ, ಬೆಸುಗೆಯ ದೋಷದೊಂದಿಗೆ ಬೆರೆಸಬೇಡಿ.