ಕತ್ತರಿಗಿಂತ ಮೊದಲು ಏನು? ನಾಲ್ಕು ವರ್ಷದ ಮಗುವಿನ ಬೆರಳುಗಳಿಗೆ ಕಾಗದದ ಕೆಲಸ

ಪ್ರಶ್ನೆ: ಪೋಷಕಿ, ವಿಜಯನಗರ

ನನ್ನ ಮಗನಿಗೆ 4 ವರ್ಷ ತುಂಬಿದ್ದು, ಮನೆಯ ಹತ್ತಿರದ ಶಾಲೆಯೊಂದರಲ್ಲಿ ಎಲ್‌ಕೆಜಿ ಓದುತ್ತಿದ್ದಾನೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ, ಅರ್ಧ ಪುಟ ತಿದ್ದುವಷ್ಟರಲ್ಲೇ ಕೈ ನೋವೆನ್ನುತ್ತಾನೆ ಎಂದು ಡೈರಿಯಲ್ಲಿ ಬರೆದು ಕಳುಹಿಸಿರುವ ಶಿಕ್ಷಕಿಯರು, ಮನೆಯಲ್ಲಿ ಇನ್ನೂ ಹೆಚ್ಚು ತಿದ್ದಿಸುವಂತೆ ಸೂಚಿಸಿದ್ದಾರೆ. ಕಾಗದದ ಕರಕುಶಲ ಕೆಲಸದಿಂದ ಬೆರಳುಗಳಿಗೆ ಬಲ ಬರುತ್ತದೆಂದು ಕೇಳಿ ಒಂದು ಕ್ರಾಫ್ಟ್ ಕಿಟ್ ತಂದೆವು. ಅದರಲ್ಲಿ ಎಲ್ಲವೂ ಮೊದಲೇ ಕತ್ತರಿಸಿಟ್ಟ ತುಂಡುಗಳು. ಹಿಂಬದಿಯ ಪದರ ತೆಗೆದು ಅಂಟಿಸಿದರೆ ಸಿಂಹ ಸಿದ್ಧ. ಬೇರೆಯಾಗಿ ಕತ್ತರಿ ಕೊಟ್ಟರೆ ಕಾಗದ ಅಲಗುಗಳ ನಡುವೆ ಮಡಿಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ, ಇವನು ಕತ್ತರಿಯನ್ನು ಎಸೆದು ಎದ್ದುಹೋಗುತ್ತಾನೆ. ಹೆಚ್ಚಾಗಿ ಎಡಗೈಯನ್ನೇ ಬಳಸುತ್ತಾನೆ ಎಂಬುದನ್ನೂ ಹೇಳಬೇಕು. ಯಾವ ಕೆಲಸದಿಂದ ಆರಂಭಿಸಬೇಕು, ಎಂಥ ಕಾಗದ ಕೊಡಬೇಕು ಎಂದು ಬಲ್ಲವರು ತಿಳಿಸುವಿರಾ?

ಉತ್ತರ 1: ಮಕ್ಕಳ ಆಕ್ಯುಪೇಶನಲ್ ಥೆರಪಿಸ್ಟ್, ಜಯನಗರ

ಈ ವಯಸ್ಸಿನಲ್ಲಿ ಹೆಚ್ಚು ತಿದ್ದಿಸುವುದರಿಂದ ಹಿಡಿತ ಸುಧಾರಿಸುವುದಿಲ್ಲ, ತಪ್ಪು ಹಿಡಿತವೇ ಗಟ್ಟಿಯಾಗುತ್ತದೆ. ಹುಟ್ಟುವಾಗ ಮಣಿಕಟ್ಟಿನ 8 ಮೂಳೆಗಳೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಅವು ಒಂದೊಂದಾಗಿ ಮೂಳೆಯಾಗುತ್ತ ಹೋಗಿ, ಕೊನೆಯದರ ಸರದಿ ಬರುವ ಹೊತ್ತಿಗೆ ಮಗುವಿಗೆ ಸಾಮಾನ್ಯವಾಗಿ 8 ವರ್ಷ ದಾಟಿರುತ್ತದೆ. ಮೂರು ಬೆರಳುಗಳಲ್ಲಿ ಪೆನ್ಸಿಲ್ ಹಿಡಿದು ಬೆರಳುಗಳನ್ನಷ್ಟೇ ಆಡಿಸಿ ಬರೆಯುವ ಹಿಡಿತ ಅನೇಕ ಮಕ್ಕಳಲ್ಲಿ 5–6ನೇ ವರ್ಷದಲ್ಲಿ ನೆಲೆಗೊಳ್ಳುವುದರಿಂದ, ನಿಮ್ಮ ಮಗ ತೀರಾ ಹಿಂದುಳಿದಿದ್ದಾನೆಂದು ಈಗಲೇ ಭಾವಿಸಬೇಕಿಲ್ಲ.

ಕತ್ತರಿಯನ್ನು ಕೆಲವು ವಾರ ಬದಿಗಿಟ್ಟು, ಕಾಗದ ಹರಿಯುವುದರಿಂದಲೇ ಆರಂಭಿಸಿ. ಇದನ್ನು ಯಾರೂ ಕಲಿಕೆಯೆಂದು ಗಣಿಸುವುದಿಲ್ಲ, ಆದರೆ ಅವನು ಹರಿಯುವಾಗ ಕೈಗಳನ್ನು ಗಮನಿಸಿ ನೋಡಿ. ಬಲ ಸಾಲದ ಮಗು ಹಾಳೆಯ ಎರಡು ಅಂಚುಗಳನ್ನು ದೂರದೂರ ಹಿಡಿದು ಪಕ್ಕಕ್ಕೆ ಎಳೆಯುತ್ತದೆ, ಹಾಳೆ ಜಗ್ಗುವುದೇ ಹೊರತು ಹರಿಯುವುದಿಲ್ಲ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳ ತುದಿಗಳು ಹೆಚ್ಚುಕಡಿಮೆ ತಾಗುವಷ್ಟು ಹತ್ತಿರ ಹಿಡಿದು, ಒಂದು ಕೈಯನ್ನು ತನ್ನತ್ತ, ಮತ್ತೊಂದನ್ನು ಆಚೆಗೆ ತಿರುಗಿಸಿದಾಗ ಮಾತ್ರ ಅದು ಹರಿಯುತ್ತದೆ. ಬೆರಳ ತುದಿಯ ಹಿಡಿತ, ಮಣಿಕಟ್ಟಿನ ತಿರುವು, ಎರಡು ಕೈಗಳು ಬೇರೆ ಬೇರೆ ಕೆಲಸ ಮಾಡುವ ಹೊಂದಾಣಿಕೆ, ಮೂರೂ ಅಲ್ಲಿ ಒಟ್ಟಿಗೆ ನಡೆಯುತ್ತವೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ಸಾಮಾನ್ಯವಾಗಿ ನೇರವಾದ ಪಟ್ಟಿ ಬರುತ್ತದೆ, ಅಡ್ಡಲಾಗಿ ಹರಿದರೆ ಓರೆಕೋರೆಯಾಗುತ್ತದೆ. ಕಾಗದದ ನಾರು ಯಾವ ದಿಕ್ಕಿಗಿದೆ ಎಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಂಡು ಖುಷಿಪಡುತ್ತಾರೆ. ಹರಿದ ಚೂರುಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಉಂಡೆಗಟ್ಟಿಸಿ, ರಟ್ಟಿನ ಮೇಲೆ ನೀವು ಇಟ್ಟುಕೊಟ್ಟ ರಂಗೋಲಿ ಚುಕ್ಕಿಗಳಿಗೆ ಒಂದೊಂದಾಗಿ ಮೈದಾ ಗೋಂದಿನಿಂದ ಅಂಟಿಸಲು ಹೇಳಿ.

ಕತ್ತರಿಗೆ ಮರಳಿದಾಗ ತೆಳು ಬಣ್ಣದ ಕಾಗದ ಬೇಡ, ಅದು ಬಾಗಿ ಅಲಗುಗಳ ನಡುವೆ ನುಸುಳುತ್ತದೆ. ಬೆಂಗಳೂರಿನ ಯಾವ ಮನೆಯಲ್ಲೂ ಹಳೆಯ ಲಗ್ನಪತ್ರಿಕೆಗಳಿಗೆ ಬರವಿಲ್ಲ. ಅವನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಮಾಡಿಕೊಟ್ಟರೆ ಒಂದೇ ಏಟಿಗೆ ತುಂಡಾಗುತ್ತವೆ, ಮುಂದಕ್ಕೆ ಕತ್ತರಿಸುತ್ತ ಹೋಗುವ ಕಷ್ಟ ಇರುವುದಿಲ್ಲ. ಕತ್ತರಿ ಹಿಡಿದ ಕೈಯ ಹೆಬ್ಬೆರಳು ಮೇಲ್ಮುಖವಾಗಿರಲಿ, ಮೊಣಕೈ ಪಕ್ಕೆಗೆ ಹತ್ತಿರವಿರಲಿ. ಗೆರೆಯ ಮೇಲೆ ಕತ್ತರಿಸುವುದು ಆಮೇಲಿನ ಮಾತು, ವೃತ್ತ ಅದಕ್ಕೂ ಆಮೇಲೆ.

ಉತ್ತರ 2: ನಿವೃತ್ತ ಶಿಶುವಿಹಾರ ಶಿಕ್ಷಕಿ, ಬಸವನಗುಡಿ

ಮಡಿಚುವುದು, ಹೆಣೆಯುವುದು ಇವು ಮಕ್ಕಳ ಶಿಕ್ಷಣಕ್ಕೆ ಹೊಸದಾಗಿ ಬಂದವಲ್ಲ. 1837ರಲ್ಲಿ ಜರ್ಮನಿಯಲ್ಲಿ ಚಿಕ್ಕ ಮಕ್ಕಳಿಗಾಗಿ ಶಾಲೆ ತೆರೆದು, ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್ ಅವರ ಪದ್ಧತಿಯಲ್ಲೇ ಕಾಗದ ಮಡಿಚುವುದು, ಪಟ್ಟಿ ಹೆಣೆಯುವುದು, ಕತ್ತರಿಸುವುದು ಎಲ್ಲವೂ ಇದ್ದವು. ಈಗಿನ ಶಾಲೆಗಳು ಆ ಹೆಸರನ್ನು ಉಳಿಸಿಕೊಂಡು ಕೆಲಸವನ್ನು ಕೈಬಿಟ್ಟಿವೆ. ವಸ್ತುಪ್ರದರ್ಶನದ ಹಿಂದಿನ ರಾತ್ರಿ ಅಪ್ಪ ಅಮ್ಮಂದಿರು ಕೂತು ಮಾಡುವ ಥರ್ಮಾಕೋಲ್ ಮನೆಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಡಿಚುವಾಗ ಮೂಲೆಗೆ ಮೂಲೆ ಸೇರಿಸಿ, ಒಂದು ಕೈಯಿಂದ ಅದನ್ನು ಅಲುಗದಂತೆ ಒತ್ತಿಹಿಡಿದು, ಇನ್ನೊಂದು ಕೈಯ ಉಗುರಿನಿಂದ ಗೆರೆ ತೀಡುವುದೇ ಮುಖ್ಯ. ಮೊದಲು ಪುಸ್ತಕದಂತೆ ಒಂದೇ ಮಡಿಕೆ, ನಂತರ ತ್ರಿಕೋನ. ದೋಣಿಗೆ ಆತುರಪಡಬೇಡಿ, ಅದರ ಕೊನೆಯ ಎಳೆತ 4 ವರ್ಷದವರಿಗೆ ಕಷ್ಟವೇ. ಪೊಟ್ಟಣ ಅದಕ್ಕಿಂತ ಸುಲಭ ಮತ್ತು ಉಪಯುಕ್ತ: ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಕರೆತಂದು, ಪೊಟ್ಟಣ ಸುತ್ತುವವರ ಕೈಯನ್ನು ಹತ್ತಿರದಿಂದ ತೋರಿಸಿ. ಸುತ್ತಿ, ತುದಿಯನ್ನು ತಿರುಚಿ, ತಾನೇ ಮಾಡಿದ ಪೊಟ್ಟಣಕ್ಕೆ ಕಡಲೆಕಾಯಿ ತುಂಬಿಕೊಂಡ ಮಗು ಇನ್ನೊಂದು ಹಾಳೆ ಕೇಳದೆ ಬಿಡುವುದಿಲ್ಲ.

ಉತ್ತರ 3: ಎಡಗೈ ಬಳಸುವ ತಂದೆ, ಮಲ್ಲೇಶ್ವರ

ಕಾಗದ ಸಿಕ್ಕಿಕೊಳ್ಳುವುದಕ್ಕೆ ಮಗನಿಗಿಂತ ಕತ್ತರಿಯೇ ಕಾರಣವಿರಬಹುದು. ಅಂಗಡಿಯ ಸಾಮಾನ್ಯ ಕತ್ತರಿಯನ್ನು ಬಲಗೈಯಲ್ಲಿ ಹಿಡಿದಾಗ ಬೆರಳುಗಳ ಒತ್ತಡ ಎರಡು ಅಲಗುಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಎಡಗೈಯಲ್ಲಿ ಹಿಡಿದಾಗ ಅದೇ ಒತ್ತಡ ಅವನ್ನು ಅಗಲಿಸುತ್ತದೆ. ಜೊತೆಗೆ ಮೇಲಿನ ಅಲಗು ಗೆರೆಯನ್ನು ಮರೆಮಾಡುತ್ತದೆ. ಎರಡೂ ಕೈಗೆ ಹೊಂದುತ್ತದೆಂದು ಮಾರುವ ಅನೇಕ ಕತ್ತರಿಗಳಲ್ಲಿ ಹಿಡಿ ಮಾತ್ರ ಸಮವಾಗಿದ್ದು, ಅಲಗಿನ ಜೋಡಣೆ ಬಲಗೈಯದೇ ಆಗಿರುತ್ತದೆ. ಕತ್ತರಿಸುವ ಭಂಗಿಯಲ್ಲಿ ಹಿಡಿದು ನೋಡಿ: ಮೇಲಿನ ಅಲಗು ಎಡಬದಿಗಿದ್ದರೆ ಅದು ನಿಜವಾದ ಎಡಗೈ ಕತ್ತರಿ.

ಮರುಪ್ರಶ್ನೆ: ಪೋಷಕಿ, ವಿಜಯನಗರ

ಧನ್ಯವಾದಗಳು, ನಮ್ಮ ಮನೆಯ ಕತ್ತರಿಯಲ್ಲಿ ಮೇಲಿನ ಅಲಗು ಬಲಕ್ಕಿದೆ. ದಿನಕ್ಕೆ ಎಷ್ಟು ಹೊತ್ತು ಮಾಡಿಸಬೇಕು, ಶಾಲೆಗೆ ಏನೆಂದು ಉತ್ತರಿಸಬೇಕು?

ಉತ್ತರ 1 ಬರೆದವರಿಂದ

ಹತ್ತು ಹದಿನೈದು ನಿಮಿಷ ಸಾಕು, ಅವನು ಎದ್ದರೆ ಬಿಟ್ಟುಬಿಡಿ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರಿಗೆ ಆಟದ ಮೂಲಕ ಕಲಿಕೆಯನ್ನೇ ಹೇಳುತ್ತದೆ. ಡೈರಿಯಲ್ಲಿ ಅದನ್ನು ವಿನಯದಿಂದ ನೆನಪಿಸಿ, ಎರಡು ಮೂರು ತಿಂಗಳು ತಿದ್ದುವುದನ್ನು ಕಡಿಮೆ ಮಾಡಲು ಕೇಳಿ. ಒಂದು ಕೈಯನ್ನು ಸಂಪೂರ್ಣವಾಗಿ ಬದಿಗಿಟ್ಟೇ ಎಲ್ಲವನ್ನೂ ಮಾಡುತ್ತಿದ್ದರೆ, ಅಥವಾ ತಟ್ಟೆಯಿಂದ ತುತ್ತು ಎತ್ತಿಕೊಳ್ಳಲೂ ಕಷ್ಟಪಡುತ್ತಿದ್ದರೆ, ಆ ಅವಧಿ ಮುಗಿಯುವವರೆಗೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.