ಮರಿಕೋಸು ಗಟ್ಟಿಯಾಗದೆ ಅರಳುತ್ತಿರುವುದೇಕೆ?

ಪ್ರಶ್ನೆ (ಶಿಡ್ಲಘಟ್ಟ):
ಎಲೆಕೋಸು ಬೆಳೆದ ಧೈರ್ಯದಲ್ಲಿ ಕಳೆದ ಡಿಸೆಂಬರಿನಲ್ಲಿ ನಾಲ್ಕು ಸಾಲು ಮರಿಕೋಸು (ಬ್ರಸೆಲ್ಸ್ ಸ್ಪ್ರೌಟ್ಸ್) ನಾಟಿ ಮಾಡಿದ್ದೆ. ಗಿಡಗಳು ಸೊಂಟದೆತ್ತರ ಬೆಳೆದು ಎಲೆಯ ಕಂಕುಳಲ್ಲಿ ಮೊಗ್ಗುಗಳೂ ಮೂಡಿದವು. ಆದರೆ ಮಾರ್ಚ್ ಹೊತ್ತಿಗೆ ಅವು ಗೋಲಿಯಂತೆ ಬಿಗಿಯುವ ಬದಲು ಪುಟ್ಟ ಗುಲಾಬಿಗಳಂತೆ ಬಿಚ್ಚಿಕೊಂಡವು. ಯೂರಿಯಾ, ನೀರು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಎಲ್ಲಿ ತಪ್ಪಿತೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಚಿಂತಾಮಣಿ):
ತಪ್ಪಿದ್ದು ತಿಂಗಳು. ಈ ಬೆಳೆಗೆ ನಾಟಿಯಿಂದ ಕೊಯ್ಲಿಗೆ 90ರಿಂದ 120 ದಿನ ಬೇಕು, ಮೊಗ್ಗು ಕಟ್ಟುವಾಗ 15ರಿಂದ 18 ಡಿಗ್ರಿಯ ತಂಪು ಹಿತ. ತಾವು ನೆಟ್ಟ ಗಿಡಗಳಿಗೆ ಆ ಹಂತದಲ್ಲಿ ಸಿಕ್ಕಿದ್ದು ಬೇಸಿಗೆಯ ಬಿಸಿಲು. ಆಗಸ್ಟ್ ಮೊದಲ ವಾರ ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಬೀಜ ಹಾಕಿ, ನಾಲ್ಕೈದು ವಾರದ ಸಸಿಗಳನ್ನು ಎರಡಡಿ ಅಂತರದಲ್ಲಿ ಸೆಪ್ಟೆಂಬರಿನಲ್ಲಿ ನೆಟ್ಟರೆ ಮೊಗ್ಗುಗಳು ಮಾಗಿಯ ಚಳಿಯಲ್ಲಿ ಕಟ್ಟುತ್ತವೆ. ಹಾಗೆಂದು ಊಟಿಯ ಫಸಲನ್ನು ನಿರೀಕ್ಷಿಸಬೇಡಿ, ನಮ್ಮಲ್ಲಿ ಚಳಿಗಾಲದ ಹಗಲೂ 25 ಡಿಗ್ರಿ ದಾಟುತ್ತದೆ. ಬೇಗ ಬರುವ ತಳಿಯನ್ನೇ ಆರಿಸಿ.

ಉತ್ತರ 2 (ಮಾಲೂರು):
ಮೇಲಿನವರು ಹೇಳಿದ್ದು ಸರಿ, ಆದರೆ ಯೂರಿಯಾದ ಪಾತ್ರವನ್ನೂ ಅಲ್ಲಗಳೆಯುವಂತಿಲ್ಲ. ಅದರಲ್ಲಿರುವ ಸಾರಜನಕ ಹೆಚ್ಚಾದರೆ ಗಿಡ ಸೊಕ್ಕಿ ಎಲೆ ಬಿಡುತ್ತದೆ, ಮೊಗ್ಗು ಸಡಿಲವಾಗುತ್ತದೆ. ಬುಡದ ಮಣ್ಣು ಸಡಿಲವಾಗಿದ್ದರೂ ಅದೇ ಗತಿ. ನಾಟಿಯಾದ ಮೇಲೆ ಬುಡವನ್ನು ಕಾಲಿನಿಂದ ಒತ್ತಿ, ಒಂದು ಎಲೆಯ ತುದಿ ಹಿಡಿದು ಎಳೆದು ನೋಡಿ: ಎಲೆ ಹರಿಯಬೇಕು, ಸಸಿ ಕದಲಬಾರದು. ಕಾಂಡ ಸೀಳಿದಾಗ ಟೊಳ್ಳಾಗಿದ್ದರೆ ಬೋರಾನ್ ಎಂಬ ಲಘು ಪೋಷಕಾಂಶದ ಕೊರತೆಯಿರಬಹುದು, ಮಣ್ಣು ಪರೀಕ್ಷೆ ಮಾಡಿಸಿ. ಎಲೆಕೋಸಿಗೆ ಬರುವ ವಜ್ರಬೆನ್ನಿನ ಪತಂಗ (ಇದರ ಮರಿಹುಳು ಎಲೆ ತಿನ್ನುತ್ತದೆ) ಇದಕ್ಕೂ ಬರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎಲೆಕೋಸಿಗೆ ಹೇಳಿರುವಂತೆ ಪಕ್ಕದಲ್ಲಿ ಸಾಸಿವೆ ಸಾಲು ಹಾಕಿದರೆ ಪತಂಗವು ಮೊದಲು ಅಲ್ಲಿಯೇ ಮೊಟ್ಟೆಯಿಡುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತುದಿ ಚಿವುಟಬೇಕೆಂದು ಕೆಲವರು ಹೇಳುತ್ತಾರೆ, ಅದು ಯಾವಾಗ?

ಉತ್ತರ 1 (ಚಿಂತಾಮಣಿ):
ಕೆಳಗಿನ ಮೊಗ್ಗುಗಳು ಅಡಿಕೆಯಷ್ಟಾದಾಗ ತುದಿಯ ಕುಡಿಯನ್ನು ಮಾತ್ರ ಚಿವುಟಿ. ಮೇಲಿನ ಮೊಗ್ಗುಗಳೂ ಹೆಚ್ಚುಕಡಿಮೆ ಒಟ್ಟಿಗೆ ಬಲಿಯುತ್ತವೆ. ಕೊಯ್ಲು ಬುಡದಿಂದ ಮೇಲಕ್ಕೆ. ಸುಮಾರು ಒಂದಂಗುಲ ದಪ್ಪವಾಗಿ, ಬೆರಳಲ್ಲಿ ಒತ್ತಿದರೆ ಕುಗ್ಗದಷ್ಟು ಗಟ್ಟಿಯಾದವನ್ನು ತಿರುವಿ ಮುರಿಯಿರಿ, ಅದರ ಕೆಳಗಿನ ಎಲೆಯನ್ನೂ ಆಗಲೇ ಕಿತ್ತುಬಿಡಿ. ಹಳದಿಯಾಗುವವರೆಗೆ ಕಾದರೆ ರುಚಿ ಕೆಡುತ್ತದೆ.