ಫೈಬರ್ ಎಳೆದ್ರೆ ಊರು ಎದ್ದು ನಿಲ್ಲುತ್ತಾ?

ತರ್ಲೆಪ್ರಶ್ನೆ:
ಒಂದು ಡೌಟು. ಎರಡ್ಮೂರು ಲಕ್ಷ ಜನ ಇರೋ ಊರುಗಳು, ಅತ್ಲಾಗೆ ಹಳ್ಳಿನೂ ಅಲ್ಲ ಇತ್ಲಾಗೆ ಮಹಾನಗರನೂ ಅಲ್ಲ, ಹಳೇ ಫ್ಯಾಕ್ಟರಿ ಮುಚ್ಚಿರುತ್ತೆ, ಓದಿದ ಹುಡುಗ್ರು ಗಂಟುಮೂಟೆ ಕಟ್ಕೊಂಡು ಹೋಗಿರ್ತಾರೆ. ಇದಕ್ಕೆಲ್ಲ ಡಿಜಿಟಲ್ಲೇ ಮದ್ದು ಅಂತಾರಲ್ಲ, ಆದ್ರೆ ಕಾಣ್ಸೋದು ಕಂಬಕ್ಕೊಂದು ಕ್ಯಾಮೆರಾ, ಒಂದು ಕಂಟ್ರೋಲ್ ರೂಮು, ಯಾರೂ ಓಪನ್ ಮಾಡದ ಒಂದು ಆಪು. ಟೆಕ್ನಾಲಜಿಯಿಂದ ನಿಜವಾಗ್ಲೂ ಚೇತರಿಸ್ಕೊಂಡ ಊರು ಎಲ್ಲಾದ್ರೂ ಇದ್ಯಾ?

ತಂತಿವಾದ್ಯ:
ಅಮೆರಿಕದ ಟೆನೆಸ್ಸಿಯಲ್ಲಿರೋ ಚಟಾನೂಗ ನೋಡಿ, ಎರಡು ಲಕ್ಷಕ್ಕಿಂತ ಕಮ್ಮಿ ಜನ. ಅಲ್ಲಿ ಕರೆಂಟ್ ಕೊಡೋ ಇಪಿಬಿ ಅನ್ನೋದು ಊರಿನದೇ ಸಂಸ್ಥೆ, ಖಾಸಗಿ ಅಲ್ಲ. ಲೈನ್ ಕಟ್ಟಾದ್ರೆ ಸ್ವಿಚ್ಚುಗಳು ತಾವೇ ಕಂಡುಹಿಡಿದು ಬೇರೆ ಕಡೆಯಿಂದ ಕರೆಂಟ್ ತಿರುಗಿಸ್ಬೇಕು, ಸ್ವಿಚ್ಚುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಫೈಬರ್ (ಬೆಳಕಿನಲ್ಲಿ ಡೇಟಾ ಸಾಗಿಸೋ ಗಾಜಿನ ಎಳೆಯ ಕೇಬಲ್) ಬೇಕಿತ್ತು, ಹೆಂಗೂ ಎಳೀತಿದೀವಲ್ಲ ಅಂತ 2010ರಲ್ಲಿ ಅದೇ ಫೈಬರಲ್ಲಿ ಮನೆಮನೆಗೆ ಸೆಕೆಂಡಿಗೆ 1 ಗಿಗಾಬಿಟ್ ಸ್ಪೀಡಿನ ಇಂಟರ್ನೆಟ್ಟೂ ಕೊಟ್ರು. ಅದೂ ಸುಮ್ನೆ ಆಗ್ಲಿಲ್ಲ, ಕೇಬಲ್ ಕಂಪನಿಯವರು ಕೋರ್ಟಿಗೆ ಹೋಗಿದ್ರು. ಬೇಜಾರು ಏನಪ್ಪಾ ಅಂದ್ರೆ ಅಕ್ಕಪಕ್ಕದ ಊರಿನವರು ನಮಗೂ ಕೊಡಿ ಅಂದ್ರೂ ಕೊಡೋ ಹಾಗಿಲ್ಲ, ಕರೆಂಟ್ ಕೊಡೋ ಗಡಿ ದಾಟಿ ಇಂಟರ್ನೆಟ್ ಕೊಡಬಾರ್ದು ಅಂತ ರಾಜ್ಯದ ಕಾನೂನು. 2016ರಲ್ಲಿ ಕೋರ್ಟೂ ಅದನ್ನೇ ಎತ್ತಿಹಿಡೀತು.

ಕಿಟಕಿಸೀಟು:
ಸ್ಪೀಡ್ ಇದ್ರೆ ಜನ ಬರ್ತಾರೆ ಅನ್ನೋದು ಅರ್ಧ ಸತ್ಯ ಅಷ್ಟೇ. ಅಮೆರಿಕದ್ದೇ ಒಕ್ಲಹೋಮ ರಾಜ್ಯದ ಟಲ್ಸದಲ್ಲಿ 2018ರಿಂದ ಬೇರೇನೇ ಆಟ, ರಿಮೋಟ್ ಕೆಲಸ ಇರೋರು ಬಂದು ಒಂದು ವರ್ಷ ಇದ್ರೆ 10,000 ಡಾಲರ್, ದುಡ್ಡು ಹಾಕಿದ್ದು ಅಲ್ಲಿನ ಒಂದು ದತ್ತಿ ಸಂಸ್ಥೆ. ಸಂಬಳ ಹೊರಗಡೆಯಿಂದ ಬರುತ್ತೆ ಖರ್ಚು ಊರಲ್ಲಾಗುತ್ತೆ, ಲೆಕ್ಕ ಚೆನ್ನಾಗಿದೆ. ಆದ್ರೆ ಹೊರಗಿನ ಸಂಬಳದವರು ಜಾಸ್ತಿ ಆದ್ರೆ ಬಾಡಿಗೆನೂ ಮೇಲೇಳುತ್ತೆ, ಮೊದ್ಲಿಂದ ಇದ್ದೋರ ಗತಿ?

ಹಳೇಸಿಮ್ಮು:
ಊರಿನವರಿಗೇ ಏನು ಬರುತ್ತೆ ಅಂತ ಮೊದ್ಲು ನೋಡ್ಬೇಕು ಸ್ವಾಮಿ. ಫಿನ್ಲೆಂಡಿನ ಔಲು ನೋಕಿಯಾ ನಂಬ್ಕೊಂಡಿದ್ದ ಊರು. 2014ರಲ್ಲಿ ಫೋನ್ ವಿಭಾಗ ಮೈಕ್ರೋಸಾಫ್ಟ್ ಪಾಲಾಯ್ತು, ಆಮೇಲೆ ರಾಶಿ ಜನ ಕೆಲಸ ಕಳ್ಕೊಂಡ್ರು. ಆದ್ರೆ ರೇಡಿಯೋ, ಸಣ್ಣ ಸಣ್ಣ ಹಾರ್ಡ್‌ವೇರ್ ಅರೆದು ಕುಡಿದಿದ್ದ ಇಂಜಿನಿಯರ್‌ಗಳು ಅಲ್ಲೇ ಇದ್ರಲ್ಲ, ಯೂನಿವರ್ಸಿಟಿನೂ ಇತ್ತು. ಬೆರಳಿಗೆ ಹಾಕ್ಕೊಂಡು ನಿದ್ದೆ ಅಳೆಯೋ ಔರಾ ಉಂಗುರದ ಕಂಪನಿ 2013ರಲ್ಲಿ ಶುರುವಾಗಿದ್ದು ಅಲ್ಲೇ. ಕಂಪನಿ ಹೋದ್ರೂ ಕೈಕಸುಬು ಉಳೀತು.

ತರ್ಲೆಪ್ರಶ್ನೆ:
ಹಾಗಾದ್ರೆ ಕಸುಬೂ ಇಲ್ಲ, ಕರೆಂಟ್ ಕಂಪನಿನೂ ತಮ್ಮದಲ್ಲ ಅನ್ನೋ ಊರು ಏನ್ಮಾಡ್ಬೇಕು?

ತಂತಿವಾದ್ಯ:
ಕಸುಬು ಇಲ್ಲದ ಊರು ಇರಲ್ಲ, ಲೆಕ್ಕಕ್ಕೆ ತಗೊಂಡಿರಲ್ಲ ಅಷ್ಟೇ. ಆದ್ರೆ ಅದನ್ನ ಆನ್ಲೈನಲ್ಲಿ ಮಾರೋಕೆ ಹೋದಾಗ ಪ್ರತಿ ಆರ್ಡರಿನ ಕಮಿಷನ್ ಎಲ್ಲೋ ದೂರದ ಪ್ಲಾಟ್‌ಫಾರ್ಮಿಗೆ ಹೋಗುತ್ತೆ, ಗಿರಾಕಿ ಯಾರು ಅನ್ನೋ ಡೇಟಾನೂ ಅವರತ್ರಾನೇ ಇರುತ್ತೆ. ನಾನಾದ್ರೆ ಕ್ಯಾಮೆರಾ ಕಂಬದ ದುಡ್ಡಲ್ಲಿ ಮಾರೋರೆಲ್ಲ ಸೇರಿ ನಡೆಸೋ ಒಂದು ಸಹಕಾರಿ ವೆಬ್‌ಸೈಟು, ಡೆಲಿವರಿ ನೋಡ್ಕೊಳ್ಳೋಕೆ ಇಬ್ಬರು ಮೂವರು, ಇಷ್ಟು ಮೊದ್ಲು ಮಾಡ್ತಿದ್ದೆ.

ಕಿಟಕಿಸೀಟು:
ವೆಬ್‌ಸೈಟ್ ಮಾಡೋದು ಸುಲಭ ಗುರೂ, ಮೂರನೇ ವರ್ಷ ಅದನ್ನ ನಡೆಸೋಕೆ ದುಡ್ಡು ಯಾರು ಕೊಡ್ತಾರೆ ಹೇಳಿ.